ಹಳೆಯ ಮನೆಗೆ ಬಂದ ಹೊಸ ಭಾಷೆ

ಹೈದರಾಬಾದು, ಸಿಕಂದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಗನೋ ಸೊಸೆಯೋ ಅಳಿಯನೋ ಗಣಕಯಂತ್ರದ ಕೆಲಸದಲ್ಲಿ ಇಲ್ಲದ ಮನೆ ವಿರಳವೆಂದೇ ಹೇಳಬೇಕು. ಊಟದ ಹೊತ್ತಿಗೆ ಫೋನು ಬಂದು, ಅಪ್ಲಿಕೇಶನ್ ಮತ್ತೆ ಕ್ರ್ಯಾಷ್ ಆಯಿತೆಂದು ತಟ್ಟೆ ಬಿಟ್ಟು ಏಳುವವರನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಆದರೆ ಈ ಕ್ರ್ಯಾಷ್ ಎಂದರೇನು, ಅದು ಏಕಾಗುತ್ತದೆ, ಅದರ ಕಾರಣ ಹುಡುಕಲು ಬುದ್ಧಿವಂತರಿಗೂ ವಾರಗಟ್ಟಲೆ ಏಕೆ ಹಿಡಿಯುತ್ತದೆ ಎಂಬುದನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳುವವರು ಕಡಿಮೆ. ಈ ಲೇಖನದಲ್ಲಿ ನಾವು ಆ ವಿಷಯದ ಒಂದು ಭಾಗವನ್ನು ಮಾತ್ರ, ಅದರ ಚರಿತ್ರೆಯ ಸಮೇತ ಹೇಳಲು ಯತ್ನಿಸಿದ್ದೇವೆ. ಬಹುಕಾಲದಿಂದ ಓಡುತ್ತಿರುವ ದೊಡ್ಡ ತಂತ್ರಾಂಶವೊಂದರ ಒಳಗೆ ಹೊಸದಾದ ಚಿಕ್ಕ ಭಾಷೆಯೊಂದನ್ನು ತಂದು ಕೂಡಿಸಿದಾಗ ಆಗುವ ಕುಸಿತಗಳು, ಅವುಗಳ ಮೂಲ, ಅವುಗಳ ಪತ್ತೆ, ಇವೇ ಇಲ್ಲಿಯ ವಿಷಯ.

ಮೊದಲು ಕುಸಿತವೆಂದರೇನೆಂದು ನೋಡೋಣ. ಗಣಕಯಂತ್ರದಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ಜ್ಞಾಪಕಶಕ್ತಿಯ, ಎಂದರೆ ಮೆಮೊರಿಯ, ಒಂದು ಪಾಲನ್ನು ಕೊಟ್ಟಿರುತ್ತಾರೆ. ಅದು ಬಾಡಿಗೆ ಮನೆಯಿದ್ದಂತೆ. ಬಾಡಿಗೆದಾರ ಪಕ್ಕದ ಮನೆಯ ಬೀಗಕ್ಕೆ ಕೈ ಹಾಕಿದರೆ ಕಾವಲುಗಾರ ಆ ಕ್ಷಣವೇ ಹಿಡಿದು ಹೊರಗಟ್ಟುತ್ತಾನೆ. ಇದೇ ಕ್ರ್ಯಾಷ್. ಆದರೆ ಅದೇ ಬಾಡಿಗೆದಾರ ತನ್ನ ಮನೆಯೊಳಗೇ ತಪ್ಪು ಕಪಾಟನ್ನು ತೆಗೆದು ಒಳಗಿನ ಕಾಗದಗಳನ್ನು ಅದಲುಬದಲು ಮಾಡಿದರೆ ಕಾವಲುಗಾರನಿಗೆ ಅದು ಕಾಣುವುದಿಲ್ಲ. ವಾರದ ಮೇಲೆ ಮನೆಯ ಇನ್ನೊಬ್ಬರು ಆ ಕಾಗದವನ್ನು ನಂಬಿ, ಅದರಲ್ಲಿ ಬರೆದ ವಿಳಾಸಕ್ಕೆ ಹೋಗಿ, ಪಕ್ಕದ ಮನೆಯ ಬೀಗಕ್ಕೆ ಕೈ ಹಾಕಿ ಸಿಕ್ಕಿಬೀಳುತ್ತಾರೆ. ತಪ್ಪು ಮಾಡಿದವರು ಒಬ್ಬರು, ಸಿಕ್ಕಿಬಿದ್ದವರು ಇನ್ನೊಬ್ಬರು. ಈ ಲೇಖನದ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ನಮ್ಮ ಊರಿನ ಯಂತ್ರಗಳು

ಈ ಊರಿಗೂ ಗಣಕಯಂತ್ರಕ್ಕೂ ಇರುವ ನಂಟು ಹೈಟೆಕ್ ಸಿಟಿಯಿಂದ ಆರಂಭವಾಯಿತೆಂದು ಅನೇಕರು ತಿಳಿದಿದ್ದಾರೆ. 1998ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದದ್ದು ದೊಡ್ಡ ಘಟನೆಯೇ ಸರಿ. ಆದರೆ ಅದಕ್ಕೂ ಮೂರು ದಶಕ ಮುಂಚೆ, 1967ರ ಏಪ್ರಿಲಿನಲ್ಲಿ, ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಎಂದರೆ ನಾವೆಲ್ಲ ಇ.ಸಿ.ಐ.ಎಲ್. ಎಂದು ಕರೆಯುವ ಸಂಸ್ಥೆ, ಇಲ್ಲಿ ಸ್ಥಾಪನೆಯಾಗಿತ್ತು. ಅದನ್ನು ಕಟ್ಟಿ ಬೆಳೆಸಿದವರು ಡಾ. ಎ. ಎಸ್. ರಾವ್. ಎ. ಎಸ್. ರಾವ್ ನಗರದಲ್ಲಿ ಮನೆ ಮಾಡಿರುವ ನಮ್ಮವರು ತಮ್ಮ ವಿಳಾಸದಲ್ಲಿಯೇ ಅವರ ಹೆಸರನ್ನು ಬರೆಯುತ್ತಾರೆ. ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಟಿ.ಡಿ.ಸಿ.-12 ಎಂಬ ಯಂತ್ರ 1969ರಲ್ಲಿ ಸಿದ್ಧವಾಯಿತು. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂಬುದು ಅದರ ಪೂರ್ಣ ಹೆಸರು. ಮುಂದಿನ ದಶಕದಲ್ಲಿ ಇ.ಸಿ.ಐ.ಎಲ್. ಟಿ.ಡಿ.ಸಿ.-312, ಟಿ.ಡಿ.ಸಿ.-316 ಎಂಬ ಯಂತ್ರಗಳನ್ನೂ ತಯಾರಿಸಿತು.

ಆ ದಶಕದಲ್ಲಿಯೇ ಇನ್ನೊಂದು ಬೆಳವಣಿಗೆ ನಡೆಯಿತು. ವಿದೇಶಿ ಬಂಡವಾಳದ ಮೇಲೆ ಸರ್ಕಾರ ವಿಧಿಸಿದ ನಿಯಮಗಳನ್ನು ಒಪ್ಪದೆ ಐ.ಬಿ.ಎಂ. ಕಂಪೆನಿ 1978ರಲ್ಲಿ ಭಾರತವನ್ನು ಬಿಟ್ಟುಹೋಯಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ 1975ರಲ್ಲಿ ಸ್ಥಾಪನೆಯಾಗಿದ್ದ ಸಿ.ಎಂ.ಸಿ. ಎಂಬ ಸರ್ಕಾರಿ ಸಂಸ್ಥೆಯ ಮೇಲೆ ಬಿತ್ತು. ಅದರ ಹೆಸರಿನಲ್ಲಿಯೇ ಮೇಂಟೆನೆನ್ಸ್ ಎಂಬ ಪದವಿತ್ತು. ಹೊಸದನ್ನು ಮಾರುವುದಲ್ಲ, ಇದ್ದದ್ದನ್ನು ಕೆಡದಂತೆ ನೋಡಿಕೊಳ್ಳುವುದು ಅದರ ಮೊದಲ ಕಸುಬು. ಅದರ ಸಂಶೋಧನಾ ವಿಭಾಗ ನಮ್ಮ ಊರಿನಲ್ಲಿಯೇ ಬೆಳೆಯಿತು. ಬೇರೆಯವರು ಕಟ್ಟಿದ ಮನೆಯ ನೀಲಿನಕ್ಷೆಯಿಲ್ಲದೆ ಅದರ ಗೋಡೆಯೊಳಗಿನ ಕೊಳಾಯಿ ಎಲ್ಲೆಲ್ಲಿ ಹಾದಿದೆಯೆಂದು ತಟ್ಟಿ ನೋಡಿ ತಿಳಿಯುವ ವಿದ್ಯೆಯನ್ನು ಈ ದೇಶದ ಗಣಕ ಕೆಲಸಗಾರರು ಕಲಿತದ್ದು ಆ ಕಾಲದಲ್ಲಿ.

ನಮ್ಮಲ್ಲಿ ಎಲ್ಲರಿಗೂ ಪರಿಚಯವಿರುವ ಹಳೆಯ ತಂತ್ರಾಂಶವೆಂದರೆ ರೈಲ್ವೆ ರಿಸರ್ವೇಶನ್ನಿನದು. 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ಸಿ.ಎಂ.ಸಿ.ಯವರು ಇಂಪ್ರೆಸ್ ಎಂಬ ವ್ಯವಸ್ಥೆಯನ್ನು ತಂದರು. ಅದರ ನಂತರ ರೈಲ್ವೆಯದೇ ಸಂಸ್ಥೆಯಾದ ಕ್ರಿಸ್ ರೂಪಿಸಿದ ಕಾನ್ಸರ್ಟ್ ಎಂಬ ವ್ಯವಸ್ಥೆ 1994ರಲ್ಲಿ ಮೊದಲು ಬಳಕೆಗೆ ಬಂದದ್ದು ನಮ್ಮ ಸಿಕಂದರಾಬಾದಿನಲ್ಲಿ. ಊರಿಗೆ ಹೋಗಲು ಗುಲ್ಬರ್ಗಕ್ಕೋ ಬೆಂಗಳೂರಿಗೋ ಟಿಕೆಟ್ಟಿಗಾಗಿ ಅಲ್ಲಿಯ ಸಾಲಿನಲ್ಲಿ ನಿಂತವರು ತಮಗರಿವಿಲ್ಲದೆಯೇ ಒಂದು ಚರಿತ್ರೆಗೆ ಸಾಕ್ಷಿಯಾದರು. 2002ರಲ್ಲಿ ಮನೆಯಿಂದಲೇ ಟಿಕೆಟ್ ಪಡೆಯುವ ಸೌಕರ್ಯ ಬಂದಾಗ ಹೊಸ ವ್ಯವಸ್ಥೆ ಹಳೆಯದನ್ನು ಕೆಡವಿ ಬರಲಿಲ್ಲ. ಹಳೆಯದರ ಹೆಗಲ ಮೇಲೆಯೇ ಕೂತಿತು. ದಿನವೂ ಲಕ್ಷಾಂತರ ಜನ ನೆಚ್ಚಿಕೊಂಡಿರುವ ತಂತ್ರಾಂಶವನ್ನು ಒಂದು ದಿನ ನಿಲ್ಲಿಸಿ ಹೊಸದು ಕಟ್ಟುತ್ತೇವೆನ್ನುವುದು, ಜನ ವಾಸವಿರುವ ಮನೆಯ ಅಡಿಪಾಯವನ್ನು ಬದಲಿಸುತ್ತೇವೆಂದಂತೆ. ಬ್ಯಾಂಕು, ವಿದ್ಯುತ್ ಬಿಲ್ಲು, ಪಿಂಚಣಿ, ಕಾರ್ಖಾನೆಯ ಲೆಕ್ಕ, ಎಲ್ಲೆಡೆಯೂ ಇದೇ ಸ್ಥಿತಿ. ಆದುದರಿಂದ ಹಳೆಯದನ್ನು ಉಳಿಸಿಕೊಂಡೇ ಅದರೊಳಗೆ ಹೊಸ ಶಕ್ತಿಯನ್ನು ತುಂಬುವ ಉಪಾಯ ಬೇಕಾಯಿತು.

ಬ್ರೆಜಿಲ್ ದೇಶದ ಚಂದ್ರ

ಆ ಉಪಾಯವೇ ಸ್ಕ್ರಿಪ್ಟಿಂಗ್ ಭಾಷೆ. ದೊಡ್ಡ ತಂತ್ರಾಂಶಗಳನ್ನು ಸಾಮಾನ್ಯವಾಗಿ ಸಿ, ಫೋರ್ಟ್ರಾನ್ ಮುಂತಾದ ಭಾಷೆಗಳಲ್ಲಿ ಬರೆಯುತ್ತಾರೆ. ಒಂದು ಸಾಲು ಬದಲಿಸಿದರೂ ಮತ್ತೆ ಕಂಪೈಲ್ ಮಾಡಿ, ಪರೀಕ್ಷಿಸಿ, ಹಂಚಬೇಕು. ಸ್ಕ್ರಿಪ್ಟಿಂಗ್ ಭಾಷೆಯಾದರೋ ಬರೆದ ಕೂಡಲೇ ಓಡುತ್ತದೆ. ಹಳೆಯ ತಂತ್ರಾಂಶದ ಹೊಟ್ಟೆಯೊಳಗೆ ಇಂಥ ಭಾಷೆಯನ್ನು ಅರ್ಥಮಾಡಿಕೊಳ್ಳುವ ಒಂದು ಚಿಕ್ಕ ಯಂತ್ರವನ್ನು ಕೂಡಿಸಿಬಿಟ್ಟರೆ, ಬಳಸುವವರೇ ತಮಗೆ ಬೇಕಾದ ನಿಯಮಗಳನ್ನು ನಾಲ್ಕು ಸಾಲಿನಲ್ಲಿ ಬರೆದುಕೊಳ್ಳಬಹುದು. ನಮ್ಮ ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳಿಗೆ ಇದು ಹೊಸದಲ್ಲ. ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶದೊಳಗೆ 1986ರಲ್ಲಿಯೇ ಆಟೋಲಿಸ್ಪ್ ಎಂಬ ಭಾಷೆ ಸೇರಿತ್ತು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಔಸ್ಟರ್‌ಹೌಟ್ ಅವರು, ಯಾವ ತಂತ್ರಾಂಶದೊಳಗೆ ಬೇಕಾದರೂ ಸೇರಿಸಬಹುದಾದ ಟಿಕಲ್ ಎಂಬ ಭಾಷೆಯನ್ನು ರಚಿಸತೊಡಗಿದರು. 1991ರಲ್ಲಿ ಹಾಲೆಂಡಿನ ಗಿಡೊ ವಾನ್ ರೋಸಮ್ ಅವರ ಪೈಥಾನ್ ಹೊರಬಂತು.

ಇವುಗಳಲ್ಲಿ ನಮ್ಮ ದೇಶದ ಅನುಭವಕ್ಕೆ ಬಹಳ ಹತ್ತಿರದ್ದು ಬ್ರೆಜಿಲ್ ದೇಶದ ಕಥೆ. 1977ರಿಂದ 1992ರವರೆಗೆ ಬ್ರೆಜಿಲ್ ಸರ್ಕಾರ ವಿದೇಶಿ ಗಣಕಯಂತ್ರ ಮತ್ತು ತಂತ್ರಾಂಶಗಳ ಆಮದಿನ ಮೇಲೆ ಬಿಗಿಯಾದ ನಿರ್ಬಂಧ ಹಾಕಿತ್ತು. ನಮ್ಮಲ್ಲಿ ಐ.ಬಿ.ಎಂ. ಬಿಟ್ಟುಹೋದ ಕಾಲವೂ ಅದೇ ಎಂಬುದನ್ನು ವಾಚಕರು ಗಮನಿಸಬೇಕು. ಅಂಗಡಿಯಲ್ಲಿ ಸಿಗದ್ದನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕಾದ ಕಾಲ ಅದು. ಅಲ್ಲಿಯ ತೈಲ ಕಂಪೆನಿ ಪೆಟ್ರೋಬ್ರಾಸಿನ ಎಂಜಿನಿಯರುಗಳು ಹಳೆಯ ಲೆಕ್ಕಾಚಾರದ ಪ್ರೋಗ್ರಾಮುಗಳಿಗೆ ದಿನಕ್ಕೆ ಹಲವು ಸಾರಿ ಅಂಕಿಗಳನ್ನು ತುಂಬಬೇಕಾಗಿತ್ತು. ಯಾವ ಅಂಕಿ ಏನೆಂಬ ಸೂಚನೆಯಿಲ್ಲದ ಬರಿಯ ಕಂಬಸಾಲುಗಳು. ಒಂದು ಅಂಕಿ ಪಕ್ಕಕ್ಕೆ ಸರಿದರೂ ಲೆಕ್ಕವೆಲ್ಲ ತಪ್ಪು. ಈ ಕಷ್ಟದ ನಿವಾರಣೆಗಾಗಿ ರಿಯೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಟೆಕ್‌ಗ್ರಾಫ್ ಎಂಬ ವಿಭಾಗದವರು ಮೊದಲು ಎರಡು ಚಿಕ್ಕ ಭಾಷೆಗಳನ್ನು ಮಾಡಿದರು. ಅವುಗಳಲ್ಲಿ ಒಂದರ ಹೆಸರು ಸೋಲ್, ಅವರ ಪೋರ್ಚುಗೀಸ್ ಭಾಷೆಯಲ್ಲಿ ಸೂರ್ಯ. 1993ರಲ್ಲಿ ರೊಬೆರ್ತೊ ಯೆರುಸಲಿಮ್‌ಸ್ಕಿ, ಲೂಯಿಸ್ ಎನ್ರಿಕೆ ದ ಫಿಗೆರೆದೊ, ವಾಲ್ದೆಮಾರ್ ಸೆಲೆಸ್ ಎಂಬ ಮೂವರು ಎರಡನ್ನೂ ಕೂಡಿಸಿ ಒಂದೇ ಭಾಷೆ ಮಾಡಿ ಅದಕ್ಕೆ ಲುವಾ ಎಂದು ಹೆಸರಿಟ್ಟರು. ಲುವಾ ಎಂದರೆ ಚಂದ್ರ. ಸೂರ್ಯನ ಬಳಿಕ ಚಂದ್ರ ಬಂದ. ಅಭಾವದಲ್ಲಿ ಹುಟ್ಟಿದ ಈ ಭಾಷೆ ಮುಂದೆ ಮಕ್ಕಳ ವೀಡಿಯೊ ಆಟಗಳಿಂದ ಹಿಡಿದು ಛಾಯಾಚಿತ್ರದ ತಂತ್ರಾಂಶದವರೆಗೆ ಜಗತ್ತೆಲ್ಲ ಹಬ್ಬಿತು.

ಕಡದ ಲೆಕ್ಕ

ಹೊಸ ಭಾಷೆ ಹಳೆಯ ಮನೆಗೆ ಬಂದಿತು. ಎರಡಕ್ಕೂ ತಮ್ಮ ತಮ್ಮ ರೀತಿನೀತಿಗಳಿವೆ. ಬೇರೆ ಬೇರೆಯಾಗಿ ನೋಡಿದರೆ ಎರಡರಲ್ಲಿಯೂ ದೋಷವಿಲ್ಲ. ತೊಂದರೆ ಹುಟ್ಟುವುದು ಇವೆರಡು ಕೊಡುಕೊಳ್ಳುವ ಹೊಸ್ತಿಲಿನಲ್ಲಿ.

ಮೊದಲನೆಯದು ಕಡದ ಲೆಕ್ಕ. ಪೈಥಾನಿನಲ್ಲಿ ಪ್ರತಿಯೊಂದು ವಸ್ತುವಿನ ಮೇಲೂ ಒಂದು ಎಣಿಕೆಯಿರುತ್ತದೆ. ಆ ವಸ್ತುವನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆಂಬ ಲೆಕ್ಕ ಅದು. ಹಿಡಿದವರು ಬಿಟ್ಟಾಗ ಎಣಿಕೆ ಒಂದು ಕಡಿಮೆಯಾಗುತ್ತದೆ. ಸೊನ್ನೆಯಾದರೆ ವಸ್ತುವನ್ನು ಗುಡಿಸಿ ಜಾಗ ಖಾಲಿ ಮಾಡುತ್ತಾರೆ. ಸ್ಕ್ರಿಪ್ಟಿನ ಒಳಗೆ ಈ ಲೆಕ್ಕ ತಾನಾಗಿಯೇ ನಡೆಯುತ್ತದೆ. ಆದರೆ ಸಿ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶ ಆ ವಸ್ತುವನ್ನು ಮುಟ್ಟಿದಾಗ ಲೆಕ್ಕವನ್ನು ಕೈಯಿಂದ ಬರೆಯಬೇಕು. ಯಾವುದನ್ನು ಸ್ವಂತಕ್ಕೆ ಪಡೆದೆವು, ಯಾವುದನ್ನು ಬರಿಯ ಕಡವಾಗಿ ತಂದೆವು ಎಂಬ ವ್ಯತ್ಯಾಸವನ್ನು ಪೈಥಾನಿನ ಕೈಪಿಡಿ ಕಡ ಎಂಬರ್ಥದ ಪದವನ್ನೇ ಬಳಸಿ ವಿವರಿಸುತ್ತದೆ. ನೆರೆಮನೆಯಿಂದ ತಂದ ಪಾತ್ರೆಯನ್ನು ಹಿಂದಿರುಗಿಸದಿದ್ದರೆ ನಮ್ಮ ಅಡುಗೆಮನೆ ತುಂಬಿಹೋಗುತ್ತದೆ. ಎರಡು ಸಾರಿ ಹಿಂದಿರುಗಿಸಿದೆವೆಂದು ಲೆಕ್ಕ ಬರೆದರೆ ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಬೇರೊಬ್ಬರ ಕೈಯಲ್ಲಿರುವ ಪಾತ್ರೆಯೇ ಮಾಯವಾಗುತ್ತದೆ.

ಇದರ ಅತಿ ಪ್ರಸಿದ್ಧ ಉದಾಹರಣೆ ಸ್ವಾರಸ್ಯವಾಗಿದೆ. ಪೈಥಾನಿನಲ್ಲಿ ಏನೂ ಇಲ್ಲ ಎಂಬುದನ್ನು ಸೂಚಿಸಲು ನನ್ ಎಂಬ ಒಂದು ವಸ್ತುವಿದೆ. ಇಡೀ ವ್ಯವಸ್ಥೆಗೆ ಅದು ಒಂದೇ. ಎಲ್ಲರೂ ಅದನ್ನೇ ಹಂಚಿಕೊಳ್ಳುತ್ತಾರೆ. ಹಳೆಯ ತಂತ್ರಾಂಶದ ಒಂದು ಭಾಗ ಈ ಇಲ್ಲ ಎಂಬ ಉತ್ತರವನ್ನು ಕೊಡುವಾಗಲೆಲ್ಲ ಎಣಿಕೆಯನ್ನು ಒಂದು ಹೆಚ್ಚಿಸಬೇಕಾಗಿತ್ತು. ಬರೆದವರು ಮರೆತರೆ, ಪ್ರತಿ ಕರೆಗೂ ಎಣಿಕೆ ಒಂದೊಂದಾಗಿ ಇಳಿಯುತ್ತ ಹೋಗುತ್ತದೆ. ಬೆಳಗ್ಗೆ ಎಲ್ಲವೂ ಸರಿ. ಪರೀಕ್ಷೆಯಲ್ಲಿ ಹತ್ತು ಸಾರಿ ಓಡಿಸಿದರೂ ಸರಿ. ಸಾವಿರಾರು ಕರೆಗಳಾದ ಮೇಲೆ, ಸಂಜೆಯ ಹೊತ್ತಿಗೆ, ಎಣಿಕೆ ಸೊನ್ನೆಗೆ ಮುಟ್ಟಿ ಇಲ್ಲ ಎಂಬುದೇ ಇಲ್ಲವಾಗುತ್ತದೆ, ತಂತ್ರಾಂಶವೆಲ್ಲ ಕುಸಿಯುತ್ತದೆ. ಆ ಕ್ಷಣದಲ್ಲಿ ಓಡುತ್ತಿದ್ದುದು ಏನೂ ಅರಿಯದ ಬೇರೊಂದು ಸ್ಕ್ರಿಪ್ಟು. ಅದನ್ನು ಬರೆದವರ ಮೇಲೆ ಅಪವಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು. ಇಂಥ ಕುಸಿತಗಳನ್ನು ತಪ್ಪಿಸಲೆಂದೇ ಅಲ್ಲವಾದರೂ, 2023ರಲ್ಲಿ ಹೊರಬಂದ ಪೈಥಾನ್ 3.12ರಲ್ಲಿ ಈ ವಸ್ತುವನ್ನು ಅಮರವೆಂದು ಘೋಷಿಸಲಾಯಿತು. ಅಲ್ಲಿಂದ ಮುಂದೆ ಅದರ ಎಣಿಕೆ ಇಳಿಯುವುದಿಲ್ಲ.

ಎರಡನೆಯದು ವಿಳಾಸದ ಚೀಟಿ. ಲುವಾ ಭಾಷೆಯಲ್ಲಿ ಎಣಿಕೆಯ ಪದ್ಧತಿಯಿಲ್ಲ. ಆಗಾಗ ಒಬ್ಬ ಝಾಡಮಾಲಿ ಬಂದು ಯಾರೂ ಬಳಸದ ವಸ್ತುಗಳನ್ನು ಗುಡಿಸಿಹಾಕುತ್ತಾನೆ. ಹಳೆಯ ತಂತ್ರಾಂಶ ಸ್ಕ್ರಿಪ್ಟಿನಿಂದ ಒಂದು ಹೆಸರನ್ನು ಕೇಳಿ ಪಡೆದು, ಹೆಸರನ್ನು ನಕಲು ಮಾಡಿಕೊಳ್ಳದೆ ಅದಿದ್ದ ಜಾಗದ ವಿಳಾಸವನ್ನು ಮಾತ್ರ ಚೀಟಿಯಲ್ಲಿ ಬರೆದಿಟ್ಟುಕೊಂಡಿತೆನ್ನಿ. ಆ ಚೀಟಿಯ ಸಂಗತಿ ಝಾಡಮಾಲಿಗೆ ತಿಳಿಯದು. ಅವನು ಗುಡಿಸಿದ, ಆ ಜಾಗಕ್ಕೆ ಬೇರೆಯವರು ವಾಸಕ್ಕೆ ಬಂದರು. ಬಾಡಿಗೆ ಮನೆಗಳಲ್ಲಿ ಬಾಳಿದ ನಮಗೆ ಇದು ಗೊತ್ತಿರುವುದೇ. ಹಳೆಯ ವಿಳಾಸಕ್ಕೆ ಬರೆದ ಪತ್ರ ಹೊಸ ಬಾಡಿಗೆದಾರರ ಕೈಗೆ ಸೇರುತ್ತದೆ. ಝಾಡಮಾಲಿ ಯಾವಾಗ ಬರುತ್ತಾನೆಂಬುದು ನಿಶ್ಚಯವಿಲ್ಲದ ಕಾರಣ ಈ ಕುಸಿತ ಒಂದು ದಿನ ಆಗುತ್ತದೆ, ಹತ್ತು ದಿನ ಆಗುವುದಿಲ್ಲ.

ಮೂರನೆಯದು ಪಂಕ್ತಿಯ ಎಲೆಗಳು. ಹಳೆಯದೂ ಹೊಸದೂ ಮಾತಾಡಿಕೊಳ್ಳಲು ಲುವಾದಲ್ಲಿ ಒಂದು ಸಾಲು ಹಾಸಿರುತ್ತಾರೆ. ಸಿ ಭಾಷೆಯ ಭಾಗವನ್ನು ಕರೆದಾಗ ಆ ಸಾಲಿನಲ್ಲಿ 20 ಎಲೆಗಳಿಗೆ ಜಾಗ ಖಂಡಿತ ಉಂಟೆಂದು ಕರಾರು. ಇಪ್ಪತ್ತೊಂದನೆಯವರನ್ನು ಕೂರಿಸಬೇಕಾದರೆ ಮೊದಲೇ ಕೇಳಿ ಜಾಗ ಮಾಡಿಸಿಕೊಳ್ಳಬೇಕು. ಕೇಳದೆ ಕೂರಿಸಿದರೆ ಆ ಎಲೆ ಪಕ್ಕದ ಪಂಕ್ತಿಯ ಮೇಲೆ ಬೀಳುತ್ತದೆ.

ನಾಲ್ಕನೆಯದು ರೈಲಿನ ಟೋಕನ್. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ನಿನವರು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಉಕ್ಕಿನ ಚೆಂಡನ್ನಿಟ್ಟು ಡ್ರೈವರಿಗೆ ಕೊಡುತ್ತಿದ್ದುದನ್ನು ಹಿರಿಯರು ನೋಡಿರಬೇಕು. ಆ ಟೋಕನ್ ಕೈಯಲ್ಲಿಲ್ಲದೆ ಗಾಡಿ ಮುಂದಿನ ಹಳಿಗೆ ಇಳಿಯುವಂತಿಲ್ಲ. ಪೈಥಾನಿನಲ್ಲಿಯೂ ಅಂಥದೇ ಒಂದು ಟೋಕನ್ ಇದೆ. ದೊಡ್ಡ ತಂತ್ರಾಂಶದಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಅವುಗಳಲ್ಲಿ ಟೋಕನ್ ಹಿಡಿದದ್ದು ಮಾತ್ರ ಪೈಥಾನಿನ ವಸ್ತುಗಳನ್ನು ಮುಟ್ಟಬೇಕು. ಪೈಥಾನ್ ಹುಟ್ಟುವ ಮುಂಚೆಯೇ ಬರೆದ ಹಳೆಯ ತಂತ್ರಾಂಶಕ್ಕೆ ಈ ನಿಯಮ ಎಲ್ಲಿ ತಿಳಿದೀತು? ಅದು ಟೋಕನ್ ಪಡೆಯದೆ ನುಗ್ಗಿದರೆ ಎರಡು ಗಾಡಿಗಳು ಎದುರುಬದುರಾಗುತ್ತವೆ. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಲ್ಲಿ ಈ ಟೋಕನ್ ಇಲ್ಲದ ರೂಪವೊಂದನ್ನು ಪ್ರಯೋಗಾರ್ಥವಾಗಿ ಕೊಟ್ಟರು. ಅಂದಮೇಲೆ ಮೂವತ್ತು ವರ್ಷ ಟೋಕನ್ನನ್ನು ನಂಬಿ ಬರೆದ ತಂತ್ರಾಂಶಗಳಿಗೆ ಇನ್ನೊಂದು ಹೊಸ ಪರೀಕ್ಷೆ ಕಾದಿದೆ ಎಂದಾಯಿತು.

ಐದನೆಯದು ಜಿಗಿತ. ಲುವಾದ ಸ್ಕ್ರಿಪ್ಟಿನಲ್ಲಿ ತಪ್ಪು ಸಂಭವಿಸಿದರೆ ಅದು ಮಧ್ಯದ ಮೆಟ್ಟಿಲುಗಳನ್ನು ಬಿಟ್ಟು ಒಮ್ಮೆಗೇ ಕೆಳಕ್ಕೆ ಜಿಗಿಯುತ್ತದೆ. ಮಧ್ಯದ ಮೆಟ್ಟಿಲುಗಳಲ್ಲಿ ಹಳೆಯ ತಂತ್ರಾಂಶ ಬಾಗಿಲು ತೆರೆದಿಟ್ಟಿರಬಹುದು, ಒಲೆ ಹಚ್ಚಿಟ್ಟಿರಬಹುದು. ಅದನ್ನು ಆರಿಸುವವರು ಯಾರು? ಆದುದರಿಂದ ಕೆಳಗೆ ಬಲೆ ಕಟ್ಟಿದ ಮೇಲೆಯೇ ಸ್ಕ್ರಿಪ್ಟನ್ನು ಕರೆಯಬೇಕೆಂದು ವಿಧಿಯಿದೆ. ಬಲೆಯಿಲ್ಲದೆ ಕರೆದು ತಪ್ಪಾದರೆ ಲುವಾ ಇಡೀ ತಂತ್ರಾಂಶವನ್ನೇ ನಿಲ್ಲಿಸಿಬಿಡುತ್ತದೆ.

ಹುತ್ತ ಮತ್ತು ಹಾವು

ಈ ಐದು ಬಗೆಯಲ್ಲಿಯೂ ಕುಸಿದ ಜಾಗವೇ ಬೇರೆ, ಕೆಟ್ಟ ಜಾಗವೇ ಬೇರೆ. ಹುತ್ತವನ್ನು ಬಡಿದರೆ ಹಾವು ಸಾಯುವುದಿಲ್ಲ. ಹಾಗಾದರೆ ಹಾವನ್ನು ಹಿಡಿಯುವ ಬಗೆ ಹೇಗೆ?

ಹಿಂದಿನ ಕಾಲದ ಯಂತ್ರಗಳ ಜ್ಞಾಪಕಶಕ್ತಿ ಸಾಸಿವೆಯಷ್ಟು ಚಿಕ್ಕ ಕಾಂತದ ಬಳೆಗಳಿಂದ ಆಗಿತ್ತು. ಅವುಗಳನ್ನು ತಂತಿಯಲ್ಲಿ ಪೋಣಿಸುತ್ತಿದ್ದರು. ಆ ಬಳೆಗೆ ಕೋರ್ ಎಂದು ಹೆಸರು. ಪ್ರೋಗ್ರಾಮು ಕುಸಿದಾಗ ಅಷ್ಟೂ ಬಳೆಗಳ ಸ್ಥಿತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಓದುವುದಕ್ಕೆ ಕೋರ್ ಡಂಪ್ ಎನ್ನುತ್ತಿದ್ದರು. ಬಳೆಗಳು ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ. ಕುಸಿತದ ಕ್ಷಣದ ಈ ಪಂಚನಾಮೆಯನ್ನು ಓದಲು ರಿಚರ್ಡ್ ಸ್ಟಾಲ್‌ಮನ್ ಅವರು 1986ರಲ್ಲಿ ಜಿ.ಡಿ.ಬಿ. ಎಂಬ ಸಾಧನವನ್ನು ಬರೆದರು. ಆದರೆ ಪಂಚನಾಮೆ ಶವ ಬಿದ್ದ ಜಾಗವನ್ನು ಹೇಳುತ್ತದೆಯೇ ಹೊರತು ವಿಷ ಹಾಕಿದ ಜಾಗವನ್ನು ಹೇಳುವುದಿಲ್ಲ.

ಆ ಕೊರತೆಯನ್ನು ತುಂಬಿದ್ದು 1990ರ ದಶಕದ ಆರಂಭದಲ್ಲಿ ಬಂದ ಪ್ಯೂರಿಫೈ, 2002ರಲ್ಲಿ ಜೂಲಿಯನ್ ಸೀವರ್ಡ್ ಅವರು ಹೊರತಂದ ವಾಲ್‌ಗ್ರಿಂಡ್, ಅದಾದ ಹತ್ತು ವರ್ಷಗಳ ಸುಮಾರಿಗೆ ಗೂಗಲ್ ಕಂಪೆನಿಯವರು ಕೊಟ್ಟ ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನಗಳು. ಇವು ಪ್ರತಿಯೊಂದು ಕಪಾಟಿನ ಮುಂದೆಯೂ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತವೆ. ಖಾಲಿ ಮಾಡಿದ ಜಾಗವನ್ನು ಯಾರಾದರೂ ಮುಟ್ಟಿದರೆ ಅಲ್ಲಿಯೇ ಹಿಡಿದು, ಆ ಜಾಗವನ್ನು ಪಡೆದವರು ಯಾರು, ಬಿಟ್ಟವರು ಯಾರು, ಈಗ ಮುಟ್ಟಿದವರು ಯಾರು ಎಂದು ಮೂರೂ ಹೆಸರುಗಳನ್ನು ಬರೆದುಕೊಡುತ್ತವೆ. ಇದರಿಂದ ತಂತ್ರಾಂಶ ಹಲವು ಪಟ್ಟು ನಿಧಾನವಾಗುವುದು ನಿಜ. ಆದರೂ ವಾರದ ಹುಡುಕಾಟ ಗಂಟೆಗಳಿಗೆ ಇಳಿಯುತ್ತದೆ.

ಸಾಧನಗಳಿಗಿಂತ ಮಿಗಿಲಾದದ್ದು ಕ್ರಮ. ಅನುಭವಿಗಳು ಹೇಳುವ ಕ್ರಮ ಇದು. ಮೊದಲು, ಕುಸಿತವನ್ನು ಬೇಕೆಂದಾಗ ಬರಿಸಲು ಕಲಿಯಬೇಕು. ತನ್ನಿಚ್ಛೆಯಂತೆ ಬರುವ ರೋಗಕ್ಕೆ ಮದ್ದು ಹುಡುಕಲಾಗದು. ಝಾಡಮಾಲಿ ಯಾವಾಗಲೋ ಬರುವುದರ ಬದಲು ಪ್ರತಿ ಹೆಜ್ಜೆಗೂ ಬರುವಂತೆ ಮಾಡಿದರೆ, ಹತ್ತು ದಿನಕ್ಕೊಮ್ಮೆ ಆಗುತ್ತಿದ್ದ ಕುಸಿತ ಹತ್ತು ನಿಮಿಷದಲ್ಲಿ ಆಗುತ್ತದೆ. ಅನಂತರ ಸ್ಕ್ರಿಪ್ಟನ್ನು ಅರ್ಧಕ್ಕೆ ಕತ್ತರಿಸಿ ನೋಡಬೇಕು. ಕುಸಿತ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಸಾವಿರ ಸಾಲಿದ್ದರೂ ಹತ್ತು ಸಲಕ್ಕೆ ಒಂದು ಸಾಲಿಗೆ ಬಂದು ನಿಲ್ಲುತ್ತೇವೆ. ಕಡೆಗೆ ಹೊಸ್ತಿಲಿನ ಎರಡೂ ಬದಿಗಳಲ್ಲಿ ಏನನ್ನು ಕೊಟ್ಟೆವು, ಏನನ್ನು ಪಡೆದೆವು ಎಂದು ದಿನಚರಿ ಬರೆಸಬೇಕು. ಇದರಲ್ಲಿ ಪ್ರತಿಭೆಗಿಂತ ತಾಳ್ಮೆಗೆ ಬೆಲೆ ಹೆಚ್ಚು.

ಒಂದು ಜ್ಞಾಕಾರದ ಕಥೆ

ಸ್ಕ್ರಿಪ್ಟ್ ಎಂಬ ಇಂಗ್ಲಿಷ್ ಪದಕ್ಕೆ ಲಿಪಿ ಎಂಬ ಅರ್ಥವೂ ಇದೆ. ಹೊಸ ಭಾಷೆಯಂತೆಯೇ ಹೊಸ ಲಿಪಿಯೂ ಹಳೆಯ ಮನೆಯಲ್ಲಿ ಕುಸಿತವನ್ನು ತರಬಲ್ಲದು. ನಮ್ಮ ಸುತ್ತಲಿನ ಭಾಷೆಯಾದ ತೆಲುಗಿನಲ್ಲಿಯೇ ಇದರ ದೃಷ್ಟಾಂತ ಸಿಕ್ಕಿತು. 2018ರ ಫೆಬ್ರವರಿಯಲ್ಲಿ ತೆಲುಗಿನ ಜ್ಞಾ ಎಂಬ ಒಂದೇ ಒಂದು ಅಕ್ಷರವನ್ನು ಸಂದೇಶವಾಗಿ ಕಳುಹಿಸಿದರೆ ಆಪಲ್ ಕಂಪೆನಿಯ ಐಫೋನು ಕುಸಿಯುತ್ತದೆಂಬ ಸುದ್ದಿ ಜಗತ್ತೆಲ್ಲ ಹರಡಿತು. ಸಂದೇಶ ತೋರಿಸಲು ಹೋದ ಅಪ್ಲಿಕೇಶನ್ ಬೀಳುತ್ತಿತ್ತು. ಅದೇ ಅಕ್ಷರ ಸೂಚನೆಯಾಗಿ ಪರದೆಯ ಮೇಲೆ ಬಂದರೆ ಫೋನಿನ ಮುಖಪುಟವೇ ಬೀಳುತ್ತಿತ್ತು. ಅದೇ ತಿಂಗಳ 19ರಂದು ಕಂಪೆನಿ ತಿದ್ದುಪಡಿ ಹೊರಡಿಸಿತು.

ಸಾಮಾನ್ಯವಾಗಿ ಬರೆಯುವ ಜ್ಞಾಕಾರದಲ್ಲಿ ದೋಷವಿರಲಿಲ್ಲ. ಆ ಸಂದೇಶದಲ್ಲಿ ಜ, ಹಲಂತ, ಞ ಇವುಗಳಾದ ಮೇಲೆ, ಅಕ್ಷರಗಳನ್ನು ಬೆಸೆಯಬೇಡವೆಂದು ಹೇಳುವ ಕಣ್ಣಿಗೆ ಕಾಣದ ಚಿಹ್ನೆಯೊಂದಿದ್ದು, ಅದರ ಬಳಿಕ ಆಕಾರದ ದೀರ್ಘವಿತ್ತು. ಕಾಣದ ಆ ಚಿಹ್ನೆ ಸ್ವರಕ್ಕೂ ವ್ಯಂಜನಕ್ಕೂ ನಡುವೆ ಬರಬಹುದೆಂದು ಅಕ್ಷರ ಜೋಡಿಸುವ ಭಾಗವನ್ನು ಬರೆದವರು ಎಣಿಸಿರಲಿಲ್ಲ. ಪರಿಶೀಲಿಸಿದವರು ಬಂಗಾಳಿ, ದೇವನಾಗರಿ ಲಿಪಿಗಳ ಕೆಲವು ಜೋಡಣೆಗಳಲ್ಲಿಯೂ ಅದೇ ಕುಸಿತವನ್ನು ಕಂಡರು. ತೆಲುಗಿನ ಒಡಹುಟ್ಟಿದ ಲಿಪಿಯಾದ ಕನ್ನಡದಲ್ಲಿ ಮಾತ್ರ ಅದು ಕಾಣಲಿಲ್ಲ. ಇದರಲ್ಲಿ ನಾವು ಹೆಮ್ಮೆಪಡುವಂಥದೇನೂ ಇಲ್ಲ. ನಮ್ಮ ಸರದಿ ತಪ್ಪಿತು, ಅಷ್ಟೆ. ಆ ದಿನಗಳಲ್ಲಿ ಕೆಲವರು ತೆಲುಗಿನ ಅಕ್ಷರವೇ ಅಪಾಯಕಾರಿಯೆಂಬಂತೆ ಬರೆದರು. ಕೋಟ್ಯಂತರ ಜನರ ತಾಯ್ನುಡಿಯ ಅಕ್ಷರ ಅಪರಾಧಿಯೇ? ಬಂದ ಅತಿಥಿಯ ರೀತಿಯನ್ನು ತಿಳಿಯದೆ ಬಾಗಿಲು ತೆರೆದ ಮನೆಯ ದೋಷ ಅದು. ಬೇರೆ ಭಾಷೆಯ ಊರಿನಲ್ಲಿ ಬಾಳು ಕಟ್ಟಿಕೊಂಡ ನಮಗೆ ಈ ವ್ಯತ್ಯಾಸ ಬೇಗ ಮನಸ್ಸಿಗೆ ಹತ್ತುತ್ತದೆ.

ಬರೆದಿಡಬೇಕಾದ ಮಾತು

ಹೊಸದರೊಳಗೆ ಹಳೆಯದನ್ನು ಇಟ್ಟಾಗಲೂ ಇದೇ ಗತಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಮೇಲೆದ್ದ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಏರಿಯಾನ್-4ರಲ್ಲಿ ನಿರ್ದುಷ್ಟವಾಗಿ ನಡೆದಿದ್ದ ಪ್ರೋಗ್ರಾಮಿನ ಒಂದು ಭಾಗವನ್ನು ಇದರಲ್ಲಿಯೂ ಇಟ್ಟಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಅದರ ಅಂಕಿ ಹಳೆಯ 16 ಬಿಟ್ಟಿನ ಪಾತ್ರೆಯಲ್ಲಿ ಹಿಡಿಸಲಿಲ್ಲ. ಇಷ್ಟಕ್ಕಿಂತ ಹೆಚ್ಚಿನ ವೇಗ ಬರದು ಎಂಬ ಹಳೆಯ ನಂಬಿಕೆ ಪ್ರೋಗ್ರಾಮಿನ ಸಾಲುಗಳಲ್ಲಿ ಅಡಗಿತ್ತು, ಹೊಸ ರಾಕೆಟ್ಟಿನ ಮುಂದೆ ಅದನ್ನು ಯಾರೂ ಮತ್ತೆ ಒರೆಗೆ ಹಚ್ಚಲಿಲ್ಲ.

ಬಾಯಿಮಾತಿನಲ್ಲಿ ಉಳಿದ ಕರಾರುಗಳ ಕಷ್ಟವನ್ನು ಈ ಊರಿನ ಚರಿತ್ರೆಯೂ ಬಲ್ಲದು. ನಿಜಾಮರ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜ್ಯ ಬದಲಾಯಿತು, ಕಪಾಟಿನಲ್ಲಿದ್ದ ಕಾಗದ ಬದಲಾಗಲಿಲ್ಲ. ಅರ್ಜಿ ಕನ್ನಡದಲ್ಲಿ, ಜಮೀನಿನ ಹಳೆಯ ದಾಖಲೆ ಉರ್ದುವಿನಲ್ಲಿ. ಎರಡನ್ನೂ ಬಲ್ಲ ಗುಮಾಸ್ತರು ಇರುವವರೆಗೆ ಕೆಲಸ ಸಾಗಿತು. ಅವರು ನಿವೃತ್ತರಾದ ಮೇಲೆ ಒಂದು ಪದದ ಅರ್ಥಕ್ಕಾಗಿ ರೈತರು ಓದಬಲ್ಲವರನ್ನು ಹುಡುಕಿಕೊಂಡು ಅಲೆಯಬೇಕಾಯಿತು. ದಾಖಲೆಯೂ ಸರಿಯಿತ್ತು, ಅರ್ಜಿಯೂ ಸರಿಯಿತ್ತು. ನಡುವಿನ ಹೊಸ್ತಿಲು ಕಾಯುವವರು ಇರಲಿಲ್ಲ.

ಗಣಕಯಂತ್ರದ ಹಳೆಯ ಮನೆಗಳ ವಿಷಯದಲ್ಲಿ ನಾವು ಅಂಥದೇ ಕಾಲಕ್ಕೆ ಬಂದಿದ್ದೇವೆ. 1970, 80ರ ದಶಕಗಳಲ್ಲಿ ಆ ತಂತ್ರಾಂಶಗಳನ್ನು ಬರೆದವರು ನಿವೃತ್ತರಾಗಿದ್ದಾರೆ. 1999ರಲ್ಲಿ ಇಸವಿಯ ಎರಡಂಕಿಯ ದೋಷ ತಿದ್ದಲು ಅವುಗಳ ಸಾಲುಸಾಲನ್ನೂ ಓದಿದವರ ತಲೆಗೂದಲು ನರೆತಿದೆ. ಯಾವ ಪಾತ್ರೆ ಸ್ವಂತದ್ದು, ಯಾವುದು ಕಡದ್ದು, ಯಾವ ಬಾಗಿಲಿಗೆ ಟೋಕನ್ ಬೇಕು ಎಂಬುದರಲ್ಲಿ ಬಹುಭಾಗ ಕೈಪಿಡಿಯಲ್ಲಿಲ್ಲ, ಅವರ ತಲೆಯಲ್ಲಿದೆ. ಕಿರಿಯರು ಹೊಸ ಭಾಷೆಯನ್ನು ಬಲ್ಲರು, ಹಳೆಯ ಮನೆಯ ಗುಟ್ಟನ್ನರಿಯರು. ಕುಸಿತವಾದಾಗ ಹಿರಿಯರು ಹೊಸ ಭಾಷೆಯನ್ನು ಬೈಯುವುದು, ಕಿರಿಯರು ಹಳೆಯ ತಂತ್ರಾಂಶವನ್ನು ಬೈಯುವುದು ಸುಲಭ. ಕುಸಿತಗಳ ಚರಿತ್ರೆ ಇಬ್ಬರ ಮಾತನ್ನೂ ಒಪ್ಪುವುದಿಲ್ಲ.

ನಮ್ಮ ಸಂಘದ ಸದಸ್ಯ ಕುಟುಂಬಗಳಲ್ಲಿಯೂ ಇಂಥ ಕೆಲಸ ಮಾಡಿ ನಿವೃತ್ತರಾದ ಹಿರಿಯರು ಇರುವುದು ಸಹಜ. ಅವರಲ್ಲಿ ನಮ್ಮದೊಂದು ವಿನಂತಿ. ತಮ್ಮ ಹಳೆಯ ಕಚೇರಿಯಿಂದ ಕಿರಿಯರು ಏನನ್ನಾದರೂ ಕೇಳಿಕೊಂಡು ಬಂದರೆ ಬೇಸರಿಸದೆ ಹೇಳಿರಿ. ಕೇಳದಿದ್ದರೂ ನೆನಪಿದ್ದಷ್ಟನ್ನು, ಅದನ್ನು ಹಾಗೆ ಏಕೆ ಮಾಡಿದಿರೆಂಬ ಕಾರಣದ ಸಮೇತ, ಬರೆದಿಡಿರಿ. ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಇಂಗ್ಲಿಷಿಗೆ ಮಾಡಿಕೊಡಲು ಮಕ್ಕಳಿದ್ದಾರೆ. ಕಿರಿಯರಲ್ಲಿಯೂ ಅಷ್ಟೇ ವಿನಂತಿ. ಹತ್ತು ದಿನ ಹುಡುಕಿ ಕಂಡುಹಿಡಿದ ಕಾರಣವನ್ನು ತಿದ್ದಿದ ಕೂಡಲೇ ಮರೆಯಬೇಡಿರಿ. ತಿದ್ದಿದ ಸಾಲಿನ ಪಕ್ಕದಲ್ಲಿಯೇ ಇದು ಕಡದ ಪಾತ್ರೆ ಎಂದು ಒಂದು ಮಾತು ಬರೆದಿಡಿರಿ. ಮುಂದೆ ಆ ಸಾಲಿಗೆ ಬರುವ ಅಪರಿಚಿತರ ಒಂದು ರಾತ್ರಿಯ ನಿದ್ದೆ ಅದರಿಂದ ಉಳಿಯುತ್ತದೆ.